ಎಲ್ಲರ ನಾಡಿಯೂ 72: ಫಿಟ್‌ನೆಸ್‌ಗೆ ಅಂಕ ಕೊಡಲು ಹೋಗಿ ಎರಡು ಸಲ ಎಡವಿದ ಪ್ರಕರಣ

ಇದು ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಡೆದದ್ದು. ನಾನು ಅಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಊರವರ ಬಾಯಲ್ಲಿ ಪೀಟಿ ಮಾಸ್ತರ. ಊರು, ಶಾಲೆ, ಮಕ್ಕಳ ಹೆಸರು ಹಾಕಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಅವು ನನ್ನವೇ.

ಶುರುವಾದದ್ದು ಎಲ್ಲಿಂದ

ಎಂಟನೆಯ ತರಗತಿಯಲ್ಲಿ 41 ಮಕ್ಕಳು. ವಾರಕ್ಕೆ ಎರಡು ಪಿರಿಯಡ್. ಅದರಲ್ಲಿ ಒಂದನ್ನು ಗಣಿತದವರು "ಇವತ್ತೊಂದಿನ ಕೊಡ್ರಿ ಸರ" ಎಂದು ತಗೊಂಡು ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ಮೈದಾನ ಎರೆ ಮಣ್ಣಿನದು. ಮಳೆ ಬಿದ್ದರೆ ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು ಹತ್ತುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಾಲು ಉಳುಕುತ್ತದೆ. 200 ಮೀಟರ್ ಟ್ರ್ಯಾಕ್ ಹಾಕುವಷ್ಟು ಜಾಗವಿಲ್ಲ. ಹಾಗಾಗಿ 35 ಮೀಟರ್ ಉದ್ದ, 25 ಮೀಟರ್ ಅಗಲ ಅಳೆದು ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಿದ್ದೆ. ಒಂದು ಸುತ್ತಿಗೆ 120 ಮೀಟರ್. ಐದು ಸುತ್ತು ಹಾಕಿದರೆ 600.

ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯ ಪಟ್ಟಿ ನಮ್ಮವರಿಗೆಲ್ಲ ಬಾಯಿಪಾಠ. ಎತ್ತರ-ತೂಕದಿಂದ ಬಿಎಂಐ, 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದೆ ಬಾಗುವುದು, 30 ಸೆಕೆಂಡಿನಲ್ಲಿ ಎಷ್ಟು ಕರ್ಲ್-ಅಪ್ (ಅಂಗಾತ ಮಲಗಿ ಹೆಗಲು ಮೇಲೆತ್ತುವುದು) ಎಂಬುದು, ಹುಡುಗರಿಗೆ ಪುಷ್-ಅಪ್, ಹುಡುಗಿಯರಿಗೆ ಮಂಡಿ ಊರಿ ಪುಷ್-ಅಪ್. ಪರೀಕ್ಷೆಯಲ್ಲಿ ತಪ್ಪೇನೂ ಇಲ್ಲ. ನಾನು ಮಾಡಿದ ತಪ್ಪು ಬೇರೆ. ಪರೀಕ್ಷೆಯಲ್ಲಿ ಬಂದ ಅಂಕಿಯನ್ನೇ ಎತ್ತಿ ಪ್ರಗತಿ ಪತ್ರದ ಗ್ರೇಡ್ ಮಾಡಿಬಿಟ್ಟೆ. ಬೇಗ ಓಡಿದವರಿಗೆ ಎ, ನಿಧಾನಕ್ಕೆ ಬಿ, ಇನ್ನೂ ನಿಧಾನಕ್ಕೆ ಸಿ. ಕೆಲಸ ಹಗುರ. ಸ್ಟಾಪ್‌ವಾಚ್ ಸುಳ್ಳು ಹೇಳುವುದಿಲ್ಲ ಅಲ್ವಾ?

ಅದರಲ್ಲೂ ಇನ್ನೊಂದು ಎಡವಟ್ಟು ಮಾಡಿದ್ದೆ. ಯಾವ ಸಮಯಕ್ಕೆ ಯಾವ ಗ್ರೇಡ್ ಎಂಬುದಕ್ಕೆ ಬಿಪಿಎಡ್ (ದೈಹಿಕ ಶಿಕ್ಷಣದ ಪದವಿ) ಓದುವಾಗಿನ ಹಳೆಯ ನೋಟ್ಸ್ ತೆಗೆದೆ. ಅಮೆರಿಕದಲ್ಲಿ 1958ರಲ್ಲಿ ಬಂದ ಆಫರ್ (AAHPER) ಯೂತ್ ಫಿಟ್‌ನೆಸ್ ಟೆಸ್ಟ್ ನಾವೆಲ್ಲ ಓದಿದ್ದೇ. ಅದರಲ್ಲಿ 600 ಓಟದ ಕೋಷ್ಟಕ ಇತ್ತು, ಅದನ್ನೇ ಹಿಡಿದೆ. ಅದು 600 ಗಜ, 600 ಮೀಟರ್ ಅಲ್ಲ. 600 ಗಜ ಅಂದರೆ ಸುಮಾರು 549 ಮೀಟರ್. ನನ್ನ ಮಕ್ಕಳು 51 ಮೀಟರ್ ಜಾಸ್ತಿ ಓಡಿ, ಕಡಿಮೆ ಓಡಿದವರ ಕೋಷ್ಟಕದಲ್ಲಿ ನಪಾಸಾಗುತ್ತಿದ್ದರು. ಇದು ಗೊತ್ತಾಗಲು ಐದು ತಿಂಗಳು ಬೇಕಾಯಿತು. ಯಾರೂ ಹೇಳಲಿಲ್ಲ. ಒಂದು ದಿನ ಸುಮ್ನೆ ಕೂತು ನೋಟ್ಸ್ ತಿರುವುವಾಗ "ಯಾರ್ಡ್" ಎಂಬ ಪದ ಕಣ್ಣಿಗೆ ಬಿತ್ತು. ಆಗ ಮೈ ಜುಮ್ಮೆಂದಿತು.

ಗರಡಿ ಹುಡುಗ, ತೋಟದ ಹುಡುಗಿ

ಪ್ರಕರಣ ನಿಂತಿರುವುದು ಇಬ್ಬರು ಮಕ್ಕಳ ಮೇಲೆ.

ಒಬ್ಬ ಗರಡಿಗೆ ಹೋಗುವ ಹುಡುಗ. ಎಂಟನೆಯ ತರಗತಿಗೇ ಮೀಸೆ ಚಿಗುರಿತ್ತು. ಮುಂಜಾನೆ ಸಾಮು ಮಾಡಿ ಬರುತ್ತಿದ್ದ. ನನ್ನ ಪಿರಿಯಡ್‌ನಲ್ಲಿ ಮಾತ್ರ ಬೇವಿನ ಮರದ ಕೆಳಗೆ ಕೂತಿರುತ್ತಿದ್ದ. ಕರೆದರೆ "ಕಾಲು ಹಿಡದೈತ್ರಿ ಸರ" ಎನ್ನುತ್ತಿದ್ದ. ಪರೀಕ್ಷೆಯ ದಿನ ಎದ್ದು ಬಂದು 2 ನಿಮಿಷ 6 ಸೆಕೆಂಡಿನಲ್ಲಿ 600 ಮುಗಿಸಿದ. ಎ ಗ್ರೇಡ್.

ಇನ್ನೊಬ್ಬಳು ತೋಟದ ವಸ್ತಿಯಿಂದ ಬರುವ ಹುಡುಗಿ. ಮೂರು ಕಿಲೋಮೀಟರ್ ನಡೆದೇ ಬರುತ್ತಾಳೆ. ಒಂದು ಪಿರಿಯಡ್ ತಪ್ಪಿಸಿದವಳಲ್ಲ. ಹೇಳಿದ ಪ್ರತಿ ಕಸರತ್ತೂ ಮಾಡುತ್ತಿದ್ದಳು. ಫೆಬ್ರವರಿಯ ಪರೀಕ್ಷೆಯಲ್ಲಿ 3 ನಿಮಿಷ 24 ಸೆಕೆಂಡ್, ಇಡೀ ತರಗತಿಗೆ ಕೊನೆ. ಸಿ ಗ್ರೇಡ್.

ವರ್ಷದ ಕೊನೆಗೆ ಪಾಲಕರ ಸಭೆಗೆ ಅವಳ ತಾಯಿ ಬಂದಿದ್ದರು. ಗಣಿತ, ವಿಜ್ಞಾನದವರನ್ನೆಲ್ಲ ಬಿಟ್ಟು ನೇರ ನನ್ನ ಹತ್ತಿರ ಬಂದರು.

"ಸರ, ನನ್ನ ಮಗಳು ದಿನಾ ಸಂಜಿಕ ಕೆನಾಲ್ ದಂಡಿ ಮ್ಯಾಲ ಓಡತಾಳ್ರೀ. ನೀವ ಹೇಳೀರಂತ. ಮತ್ತ ಸಿ ಯಾಕ ಬಂತ್ರಿ?"

"ಟೈಮ್ ಜಾಸ್ತಿ ತಗೊಂಡಾಳವ್ವಾ," ಎಂದೆ.

"ಟೈಮ್ ನೋಡೀರಿ. ಓಡಿದ್ದ ನೋಡ್ಲಿಲ್ಲೇನ್ರಿ?"

ಆಯಮ್ಮ ಜಗಳಕ್ಕೆ ಬಂದವರಲ್ಲ. ನಿಜವಾಗಿಯೂ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ರಜೆಯಲ್ಲಿ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಹುಡುಗಿಯರು ಜಾಸ್ತಿ ವೇಗದಲ್ಲಿ ಎತ್ತರ ಬೆಳೆಯುವುದು ಸುಮಾರು 12ನೆಯ ವಯಸ್ಸಿಗೆ, ಹುಡುಗರು ಸುಮಾರು 14ಕ್ಕೆ. ಅದೂ ಸರಾಸರಿ. ಒಂದೇ ಬೆಂಚಿನಲ್ಲಿ ಕೂತ ಇಬ್ಬರ ಮೈ ನಡುವೆ ಎರಡು ಮೂರು ವರ್ಷದ ಅಂತರ ಇರಬಹುದು. ನಾನು ಗ್ರೇಡ್ ಕೊಟ್ಟದ್ದು ಒಬ್ಬನ ಮೀಸೆಗೆ, ಅವನ ಗರಡಿಗೆ. ನಾನು ಕಲಿಸಿದ್ದಕ್ಕೆ ಅಲ್ಲ.

ಮೊದಲ ತಿದ್ದುಪಡಿ

ಒಂಬತ್ತನೆಯ ತರಗತಿಗೆ ಹೊಸ ನಿಯಮ ಮಾಡಿದೆ. ಜುಲೈನಲ್ಲಿ ಒಂದು ಓಟ, ಡಿಸೆಂಬರ್‌ನಲ್ಲಿ ಒಂದು ಓಟ. ಎಷ್ಟು ಸೆಕೆಂಡ್ ಕಡಿಮೆಯಾಯಿತೋ ಅದಕ್ಕೆ ಅಂಕ. ಜೂನ್‌ನಲ್ಲೇ ಬೋರ್ಡಿನ ಮೇಲೆ ಬರೆದು ಎಲ್ಲರಿಗೂ ತಿಳಿಸಿದೆ. ಎಂಟನೆಯವರಿಗೂ ಅದೇ. ನ್ಯಾಯ ಸಿಕ್ಕಿತು ಎಂದುಕೊಂಡೆ.

ಡಿಸೆಂಬರ್ ಫಲಿತಾಂಶ ನೋಡಿ ಹಿಗ್ಗಿದೆ. ಬಹಳ ಹುಡುಗರು 30, 40 ಸೆಕೆಂಡ್ ಇಳಿಸಿದ್ದರು. ಸ್ಟಾಫ್ ರೂಮಿನಲ್ಲಿ ಹಾಳೆ ತೋರಿಸಿದೆ. ಹೆಡ್‌ಮಾಸ್ಟರ್ ಚಾ ತರಿಸಿದರು.

ಜನವರಿಯ ಒಂದು ಮಧ್ಯಾಹ್ನ ನೀರಿನ ಟಾಕಿಯ ಹಿಂದೆ ಸುಣ್ಣದ ಪುಡಿ ಚೀಲ ತೆಗೆಯುತ್ತಿದ್ದೆ. ಆ ಕಡೆ ಇಬ್ಬರು ಹುಡುಗರು ಕೈ ತೊಳೆಯುತ್ತಿದ್ದರು. ಒಂಬತ್ತನೆಯವನು ಎಂಟನೆಯವನಿಗೆ ಬುದ್ಧಿ ಹೇಳುತ್ತಿದ್ದ.

"ಹುಚ್ಚ ಅದೀ ನೀ. ಜುಲೈದಾಗ ಯಾಕ ಜೋರ ಓಡಿದಿ? ನಾವೆಲ್ಲಾ ಮೆಲ್ಲಕ ಓಡಿದ್ವಿ. ಈಗ ನೋಡು, ನನಗ 40 ಸೆಕೆಂಡ್ ಕಡಿಮಿ ಆತು."

ಚೀಲ ಅಲ್ಲೇ ಬಿಟ್ಟು ಕೂತುಬಿಟ್ಟೆ. ಸಿಟ್ಟು ಬರಲಿಲ್ಲ, ನಗು ಬಂತು. ಮಕ್ಕಳು ನಿಯಮವನ್ನು ನನಗಿಂತ ಚೆನ್ನಾಗಿ ಓದಿದ್ದರು. ಆಮೇಲೆ ಜುಲೈನ ಓಟ ನೆನಪು ಮಾಡಿಕೊಂಡೆ. ಕೊನೆಯ ಸುತ್ತಿನಲ್ಲಿ ಹುಡುಗರು ಮಾತಾಡುತ್ತಾ, ಒಬ್ಬರನ್ನೊಬ್ಬರು ತಳ್ಳಾಡುತ್ತಾ ಬಂದಿದ್ದರು. 600 ಮೀಟರ್ ಮನಸ್ಸಿಟ್ಟು ಓಡಿದವನಿಗೆ ಮಾತು ಹೊರಡುವುದಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ, ಮುಖ ನೋಡಿರಲಿಲ್ಲ.

ಇನ್ನೊಂದು ತೊಡಕನ್ನೂ ಆಗಲೇ ಗಮನಿಸಿದೆ. ಜುಲೈಯಲ್ಲಿ ಮೈದಾನ ಹಸಿ, ಡಿಸೆಂಬರ್‌ನಲ್ಲಿ ಗಟ್ಟಿ. ಆ ಐದಾರು ತಿಂಗಳಲ್ಲಿ ಬೆಳೆಯುವ ಹುಡುಗ ಏನೂ ಮಾಡದಿದ್ದರೂ ಒಂದಿಷ್ಟು ವೇಗ ಪಡೆಯುತ್ತಾನೆ. ಅಂದರೆ ಮೋಸ ಮಾಡದವನ ಅಂಕದಲ್ಲೂ ಮಣ್ಣಿನ ಪಾಲಿತ್ತು, ವಯಸ್ಸಿನ ಪಾಲಿತ್ತು.

ಇನ್ನು ತೋಟದ ಹುಡುಗಿ. ಅವಳು ಜುಲೈನಲ್ಲಿ ಮೋಸ ಮಾಡಲಿಲ್ಲ. 3 ನಿಮಿಷ 30 ಸೆಕೆಂಡ್. ಡಿಸೆಂಬರ್‌ನಲ್ಲಿ 3 ನಿಮಿಷ 44. ಇಳಿಯುವ ಬದಲು 14 ಸೆಕೆಂಡ್ ಏರಿತ್ತು. ಮತ್ತೆ ಎಲ್ಲರಿಗಿಂತ ಕೆಳಗೆ. ನಿಯಮ ಪೂರ್ತಿ ತಿರುಗಿಸಿದರೂ ಅವಳ ಜಾಗ ಮಾತ್ರ ಅಲ್ಲೇ. ಅಲ್ಲಿಗೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. "ಈಕಿ ಓಟದ ಮೈಯವಳಲ್ಲ" ಎಂದುಕೊಂಡು ಮುಂದೆ ಹೋದೆ. ಈ ಇಡೀ ಪ್ರಕರಣದಲ್ಲಿ ನನಗೆ ಇವತ್ತಿಗೂ ಚುಚ್ಚುವುದು ಇದೊಂದೇ.

ಎರಡನೆಯ ತಿದ್ದುಪಡಿ, ಮತ್ತು 72

ವರ್ಷದ ನಡುವೆ ನಿಯಮ ಬದಲಿಸುವುದು ಸರಿಯಲ್ಲ ಎಂದು ಹೆಡ್‌ಮಾಸ್ಟರ್ ಹೇಳಿದರು. ಅವರ ಮಾತು ಸರಿಯೇ. ಆದರೂ ಮಾಡಿದೆ. ಡಿಸೆಂಬರ್‌ನ ಅಂಕ ಬಿಟ್ಟುಬಿಟ್ಟೆ. ಉಳಿದ ಮೂರು ತಿಂಗಳು ಫಿಟ್‌ನೆಸ್ ಕಾರ್ಡ್ ಎಂದು ಶುರುಮಾಡಿದೆ. ಒಂದು ಗಟ್ಟಿ ಹಾಳೆ. ಅದರಲ್ಲಿ ವಾರಕ್ಕೆ ಮೂರು ದಿನ ಮನೆಯಲ್ಲಿ ಏನು ಮಾಡಿದೆ, ಎಷ್ಟು ಹೊತ್ತು, ಮುಂಜಾನೆ ಎದ್ದ ಕೂಡಲೇ ನಾಡಿ ಎಷ್ಟು ಎಂದು ಬರೆಯಬೇಕು. ನಾಡಿ ಯಾಕೆಂದರೆ, ತಿಂಗಳುಗಟ್ಟಲೆ ಸರಿಯಾಗಿ ಓಡಿದವರ ವಿಶ್ರಾಂತಿ ನಾಡಿ ಮೆಲ್ಲಗೆ ಇಳಿಯುತ್ತದೆ. ಅದನ್ನು ಮಕ್ಕಳು ತಮ್ಮ ಕೈಯಿಂದಲೇ ನೋಡಲಿ ಎಂದು ಆಸೆ.

ಮೂರನೆಯ ವಾರ ಕಾರ್ಡ್ ತರಿಸಿದೆ. ಮೊದಲ ಕಾರ್ಡ್: 72. ಎರಡನೆಯದು: 72. ಮೂರನೆಯದು: 72, 72, 72. ಒಬ್ಬ ಇನ್ನೂ ಬಾರದ ಶುಕ್ರವಾರದ ಕಾಲಮ್ಮಿಗೂ 72 ತುಂಬಿದ್ದ. ವಿಜ್ಞಾನದ ಪಾಠದಲ್ಲಿ ಹೃದಯ ನಿಮಿಷಕ್ಕೆ 72 ಸಲ ಬಡಿಯುತ್ತದೆ ಎಂದು ಓದಿದ್ದಾರೆ. ಸರಿ ಉತ್ತರ ಅದೇ ತಾನೆ, ಬೇರೆ ಬರೆದರೆ ತಪ್ಪಾಗುತ್ತದೆ! 41 ಕಾರ್ಡ್‌ನಲ್ಲಿ 36 ಕಡೆ ಅದೇ ಅಂಕಿ. ನಾಲ್ವರು 70 ಅಥವಾ 75 ಎಂದು ಬರೆದಿದ್ದರು, ಅದೂ ಅಂದಾಜೇ.

ಒಂದು ಕಾರ್ಡ್‌ನಲ್ಲಿ ಮಾತ್ರ 104 ಇತ್ತು. ಅದರ ಕೆಳಗೆ 100. ಅದರ ಕೆಳಗೆ 106. ಪೆನ್ಸಿಲಿನಿಂದ ಮೊದಲು 52 ಎಂದು ಬರೆದು, ಪಕ್ಕದಲ್ಲಿ ಎರಡರಿಂದ ಗುಣಿಸಿದ ಗುರುತೂ ಇತ್ತು. ನಾನು ಹೇಳಿಕೊಟ್ಟಂತೆ 30 ಸೆಕೆಂಡ್ ಎಣಿಸಿದ್ದಳು. ಕಾರ್ಡ್ ತೋಟದ ಹುಡುಗಿಯದು.

ಮೊದಲು ಅನಿಸಿದ್ದು ಎಣಿಕೆ ತಪ್ಪಿರಬೇಕು ಎಂದು. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಸಹೋದ್ಯೋಗಿ ಮೇಡಂ ಹತ್ತಿರ ಕಳಿಸಿದೆ. ಹತ್ತು ನಿಮಿಷ ಸುಮ್ಮನೆ ಕೂರಿಸಿ ಮೇಡಂ ತಾವೇ ಎಣಿಸಿದರು. 102. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಒಳಗೆ ಬಿಳಿಚಿಕೊಂಡಿತ್ತು. ಮೆಟ್ಟಿಲು ಹತ್ತುವಾಗ ನಿಲ್ಲುತ್ತೀಯಾ ಎಂದು ಕೇಳಿದರೆ ಹೂಂ ಎಂದಳಂತೆ. ನೀಲಿ ಗುಳಿಗೆ ನುಂಗುತ್ತೀಯಾ ಎಂದರೆ ತಲೆ ಕೆಳಗೆ ಹಾಕಿದಳಂತೆ.

ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆಯನ್ನು ಅವಳು ಕಿಟಕಿಯಿಂದ ಆಚೆ ಎಸೆಯುತ್ತಿದ್ದಳು. ಕಾರಣ ಸಣ್ಣದು. ಮುಂಜಾನೆ ಮನೆಯಲ್ಲಿ ಬರೇ ಚಾ ಕುಡಿದು ಬರುತ್ತಾಳೆ. ನಮ್ಮಲ್ಲಿ ಗುಳಿಗೆ ಹಂಚುತ್ತಿದ್ದದ್ದು ಮೊದಲ ಪಿರಿಯಡ್‌ನಲ್ಲಿ, ಹಾಜರಿ ಜೊತೆಗೆ ಮುಗಿಯಲಿ ಎಂದು. ಖಾಲಿ ಹೊಟ್ಟೆಗೆ ವಾಕರಿಕೆ ಬರುತ್ತಿತ್ತು. ಅದನ್ನು ಊಟದ ನಂತರ ಕೊಡಬೇಕು. ಇದು ನಮಗೆಲ್ಲ ಹೇಳಿದ ವಿಷಯವೇ. ಅನುಕೂಲಕ್ಕೆ ನಾವೇ ಮುಂಜಾನೆಗೆ ತಂದಿದ್ದೆವು.

ತಾಯಿಯನ್ನು ಕರೆಸಿ ಮೇಡಂ ಮಾತಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 8.4. ಆ ವಯಸ್ಸಿನ ಹುಡುಗಿಗೆ ಕನಿಷ್ಠ 12 ಇರಬೇಕು. ರಕ್ತದಲ್ಲಿ ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್. ಅದು ಕಡಿಮೆಯಾದರೆ ಹೃದಯ ಜಾಸ್ತಿ ಸಲ ಬಡಿದು ಸರಿದೂಗಿಸಲು ನೋಡುತ್ತದೆ. ಹುಡುಗಿ ದಿನಾ ಸಂಜೆ ಕೆನಾಲ್ ದಂಡೆಯ ಮೇಲೆ ಓಡುತ್ತಿದ್ದಳು, ಮುಕ್ಕಾಲು ಖಾಲಿ ಟ್ಯಾಂಕಿನಲ್ಲಿ ಗಾಡಿ ಓಡಿಸಿದ ಹಾಗೆ. ನಾನು ಅವಳಿಗೆ ಇನ್ನೂ ಜೋರಾಗಿ ಓಡು ಎಂದು ಸೀಟಿ ಊದುತ್ತಿದ್ದೆ.

ಡಾಕ್ಟರು ದಿನದ ಗುಳಿಗೆ ಬರೆದುಕೊಟ್ಟರು, ಜಂತುಹುಳದ ಗುಳಿಗೆಯನ್ನೂ ಕೊಟ್ಟರು. ಕೆಲವು ವಾರ ಜೋರು ಓಟ ಬೇಡ, ನಡಿಗೆ ಸಾಕು ಎಂದರು. ಊಟದ ಜೊತೆ ಚಾ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣು ಹಿಂಡಿಕೊಳ್ಳಿ ಎಂದೂ ಹೇಳಿದರು. ಶಾಲೆಯಲ್ಲಿ ನೀಲಿ ಗುಳಿಗೆಯನ್ನು ಬಿಸಿಯೂಟದ ಪಂಕ್ತಿಗೆ ತಂದೆವು. ಊಟ ಮುಗಿಸಿ, ಮೇಡಂ ಎದುರಿಗೆ, ನೀರಿನ ಜೊತೆ.

ನಾಡಿ ಜಾಸ್ತಿ ಇದ್ದವರಿಗೆಲ್ಲ ರಕ್ತ ಕಡಿಮೆ ಎಂದು ಇದನ್ನು ಓದಿದ ಯಾರೂ ತೀರ್ಮಾನಿಸಬೇಡಿ. ಜ್ವರಕ್ಕೆ, ಹೆದರಿಕೆಗೆ, ಆಗಷ್ಟೇ ಓಡಿ ಬಂದದ್ದಕ್ಕೂ ನಾಡಿ ಏರುತ್ತದೆ. ನಾವು ಮಾಡಬಹುದಾದದ್ದು ಡಾಕ್ಟರ ಹತ್ತಿರ ಕಳಿಸುವುದು, ಅಷ್ಟೇ. ಅದನ್ನೂ ತರಗತಿಯ ಮುಂದೆ ಹೇಳಬಾರದು. ಈ ಬುದ್ಧಿ ನನಗೆ ಬಂದದ್ದು ತೂಕದ ಯಂತ್ರದಿಂದ. ಮೊದಲ ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡಿ ಕೂಗುತ್ತಿದ್ದೆ, ಒಬ್ಬ ಬರೆದುಕೊಳ್ಳುತ್ತಿದ್ದ. "68" ಎಂದು ಕೂಗಿದಾಗ ಎದ್ದ ನಗು, ಆ ಹುಡುಗ ಮುಂದಿನ ಎರಡು ವಾರ ಪಿರಿಯಡ್‌ಗೆ ಬಾರದೇ ಇದ್ದದ್ದು, ಎರಡನ್ನೂ ಮರೆತಿಲ್ಲ. ಈಗ ತೂಕ ಬಾಗಿಲ ಹಿಂದೆ, ಒಬ್ಬೊಬ್ಬರದೇ.

ಈಗ ಹೇಗೆ ನಡೆಯುತ್ತಿದೆ

ಮುಂದಿನ ಜೂನ್‌ನಲ್ಲಿ ಪದ್ಧತಿ ಪೂರ್ತಿ ಬದಲಾಯಿತು. ಖೇಲೋ ಇಂಡಿಯಾ ಪರೀಕ್ಷೆಗಳು ನಡೆಯುತ್ತವೆ, ದಾಖಲಾಗುತ್ತವೆ. ಆದರೆ ಆ ಅಂಕಿಗೆ ಗ್ರೇಡ್ ಇಲ್ಲ. ಪ್ರತಿ ಮಗುವಿಗೆ ಅದರ ಅಂಕಿ ಪ್ರತ್ಯೇಕವಾಗಿ ತಿಳಿಸುತ್ತೇನೆ, ಮುಂದಿನ ಎಂಟು ವಾರ ಏನು ಮಾಡಬಹುದು ಎಂದು ಕೇಳುತ್ತೇನೆ. ಗ್ರೇಡ್ ಬರುವುದು ಮೂರು ಕಡೆಯಿಂದ: ಪಿರಿಯಡ್‌ನಲ್ಲಿ ಮಾಡಿದ ತರಬೇತಿ, ತನ್ನ ತರಬೇತಿಯನ್ನು ತಾನೇ ಯೋಜಿಸಿ ವಿವರಿಸುವುದು, ಮತ್ತು ಅಂದಾಜು ಓಟ.

ಅಂದಾಜು ಓಟದ ಬಗ್ಗೆ ಹೇಳಲೇಬೇಕು, ಯಾಕೆಂದರೆ ಮೋಸಕ್ಕೆ ಮದ್ದು ಸಿಕ್ಕಿದ್ದು ಅಲ್ಲಿ. ಓಡುವ ಮೊದಲು ಮಗು ಚೀಟಿಯಲ್ಲಿ ತನ್ನ ಸಮಯ ಅಂದಾಜು ಮಾಡಿ ಬರೆದು ಕೊಡಬೇಕು. ಗಡಿಯಾರ ಕಾಣಿಸುವುದಿಲ್ಲ. ಬರೆದದ್ದಕ್ಕೂ ಓಡಿದ್ದಕ್ಕೂ ಅಂತರ ಕಡಿಮೆಯಿದ್ದಷ್ಟೂ ಅಂಕ ಜಾಸ್ತಿ. 41 ಮಕ್ಕಳಿಗೆ ಒಬ್ಬ ಮಾಸ್ತರ ಸಾಲದು, ಅದಕ್ಕೆ ಜೋಡಿ ಮಾಡಿದ್ದೇನೆ. ಒಬ್ಬರು ಓಡಿದರೆ ಇನ್ನೊಬ್ಬರು ಸುತ್ತು ಎಣಿಸಿ, ಪ್ರತಿ ಸುತ್ತಿನ ಸಮಯ ಬರೆದುಕೊಳ್ಳುತ್ತಾರೆ. ಮೂಲೆಯ ಕಲ್ಲು ಒಳಗಿನಿಂದ ದಾಟಿದರೆ ಜೋಡಿಯೇ ಕೂಗುತ್ತಾರೆ. ಮೆಲ್ಲಗೆ ಓಡಿ ಏನೂ ಗಿಟ್ಟುವುದಿಲ್ಲ.

ಗರಡಿ ಹುಡುಗನಿಗೆ ಮೊದಲ ಸಲ ಪೆಟ್ಟು ಬಿತ್ತು. ಹತ್ತನೆಯ ತರಗತಿಯಲ್ಲಿದ್ದ. 1 ನಿಮಿಷ 55 ಸೆಕೆಂಡ್ ಎಂದು ಬರೆದ. ಸುತ್ತುಗಳು ಹೀಗಿದ್ದವು: 19, 24, 27, 29, 31. ಒಟ್ಟು 2 ನಿಮಿಷ 10. ಮೊದಲ ಸುತ್ತಿನಲ್ಲೇ ಎಲ್ಲ ಚೆಲ್ಲಿಬಿಟ್ಟಿದ್ದ. ಗ್ರೇಡ್ ಬಿ. ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಬಂದು, "ಸರ, ಗರಡ್ಯಾಗ ಮಾಡಿದ್ದ ಲೆಕ್ಕಕ್ಕಿಲ್ಲೇನ್ರಿ?" ಎಂದ. ನ್ಯಾಯವಾದ ಪ್ರಶ್ನೆ. ಅಲ್ಲಿ ಮಾಡಿದ ದಂಡ, ಬೈಠಕ್ ಕಾರ್ಡ್‌ನಲ್ಲಿ ಬರೆ, ಗರಡಿಯ ಗುರು ವಸ್ತಾದರ ಸಹಿ ತಾ ಎಂದೆ. ತಂದ. ಜೊತೆಗೆ ಒಂದು ಕೆಲಸ ಹಚ್ಚಿದೆ. ಎಂಟನೆಯವರಿಗೆ ವಾರಕ್ಕೊಮ್ಮೆ ಬೈಠಕ್ ಹೇಳಿಕೊಡಬೇಕು. ಬೇವಿನ ಮರದ ನೆರಳು ಈಗ ಖಾಲಿ.

ಎಲ್ಲವೂ ಸರಿಹೋಗಿದೆ ಎಂದಲ್ಲ. ಕಾರ್ಡ್ ನೋಡಲು ವಾರಕ್ಕೆ ಎರಡು ಗಂಟೆ ಬೇಕು. ನವೆಂಬರ್ ಬಂತೆಂದರೆ ರಸ್ತೆ ತುಂಬ ಕಬ್ಬಿನ ಡಬಲ್ ಟ್ರೇಲರ್ ಟ್ರ್ಯಾಕ್ಟರ್. ಮನೆ ಹತ್ತಿರ ಓಡಲು ಜಾಗವಿಲ್ಲದ ಮಕ್ಕಳಿಗೆ ಅಂಗಳದಲ್ಲೇ ಮಾಡುವ ಹಗ್ಗ ಜಿಗಿತ ಕೊಡುತ್ತೇನೆ. ಕೆಲವರ ಕಾರ್ಡ್‌ನಲ್ಲಿ ಇನ್ನೂ ಸುಳ್ಳು ಇರುತ್ತದೆ, ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಒಂದೇ ಪೆನ್ನು, ಒಂದೇ ಸಲ ಕೂತು ಬರೆದದ್ದು, ಇಡೀ ತಿಂಗಳದ್ದು. ಅದಕ್ಕೆ ಮನೆಯ ಕಾರ್ಡ್‌ಗೆ ಅಂಕ ಇಟ್ಟಿಲ್ಲ. ಅದು ಮಾತಾಡಲು ಮಾತ್ರ. "ಈ ವಾರ ಯಾಕ ಆಗಲಿಲ್ಲ?" ಎಂದು ಕೇಳಿದರೆ ನಿಜ ಬರುತ್ತದೆ. ಅಂಕ ಇಟ್ಟರೆ 72 ಬರುತ್ತದೆ.

ಮತ್ತೆ ಇಂಥ ಸ್ಥಿತಿ ಬಂದರೆ ಏನು ಬೇರೆ ಮಾಡುತ್ತೇನೆ ಎಂದು ಒಬ್ಬ ಗೆಳೆಯ ಕೇಳಿದ್ದ, ಅವನೂ ಪೀಟಿ ಮಾಸ್ತರನೇ. ಹೇಳಿದೆ: ತರಬೇತಿ ತಪ್ಪಿಸದ ಮಗುವಿನ ಸಮಯ ಏರಿದರೆ, ಅಂದೇ ನಿಂತು ಯಾಕೆ ಎಂದು ಕೇಳುತ್ತೇನೆ. ಗ್ರೇಡ್ ಆಮೇಲೆ. ಡಿಸೆಂಬರ್‌ನ ಆ 14 ಸೆಕೆಂಡ್ ನನ್ನ ಕೈಯಲ್ಲೇ ಇತ್ತು. ಅವಳ ಜುಲೈ, ಡಿಸೆಂಬರ್ ಎರಡನ್ನೂ ಪಕ್ಕಪಕ್ಕ ಬರೆದವನೂ ನಾನೇ. ಕಳೆದು ಅಂಕ ಹಾಕಿ, ಪುಟ ತಿರುವಿದ್ದೆ.

ಹುಡುಗಿಯ ಹಿಮೋಗ್ಲೋಬಿನ್ ಜೂನ್ ಹೊತ್ತಿಗೆ 11.2ಕ್ಕೆ ಬಂತು. ಡಾಕ್ಟರು ಒಪ್ಪಿದ ಮೇಲೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆಯಿಂದ ಶುರುಮಾಡಿಸಿದೆ. ಸೆಪ್ಟೆಂಬರ್‌ನ ಅಂದಾಜು ಓಟಕ್ಕೆ ಚೀಟಿಯಲ್ಲಿ 3 ನಿಮಿಷ 5 ಸೆಕೆಂಡ್ ಎಂದು ಬರೆದಳು. 2 ನಿಮಿಷ 58ಕ್ಕೆ ಮುಗಿಸಿದಳು. "ಏಳು ಸೆಕೆಂಡ್ ತಪ್ಪಾತಲ್ರೀ ಸರ," ಎಂದು ಬೇಜಾರು ಮಾಡಿಕೊಂಡಳು.

ಈ ವರ್ಷದ ಎಂಟನೆಯ ತರಗತಿಯ ಕಾರ್ಡ್‌ಗಳು ಮೊನ್ನೆ ಬಂದವು. 66, 88, 79, 94, ನಾನಾ ಅಂಕಿ. ಒಂದರಲ್ಲಿ ಮಾತ್ರ 72 ಇತ್ತು. ಆ ಹುಡುಗನನ್ನು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಮಣಿಕಟ್ಟು ಹಿಡಿದು 30 ಸೆಕೆಂಡ್ ಎಣಿಸಿದೆ.

ನಿಜವಾಗಿಯೂ 36 ಬಡಿತ.